ಸತ್ಯಾಂಶ: ಸೋಲಾರ್ ಫಲಕಗಳು ಮಳೆ ಓಡಿಸುತ್ತವೆಯೇ?

ಪಾವಗಡದ ಸೋಲಾರ್ ಪಾರ್ಕ್‌ನ ಬಿಸಿಗೆ ಮೋಡಗಳು ಚದುರಿ ಮಳೆ ಕಡಿಮೆಯಾಗಿದೆ ಎಂಬ ಸಂದೇಶ ತುಮಕೂರು ಜಿಲ್ಲೆಯ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಲೇ ಇದೆ. ಇದು ಸರಿಯಲ್ಲ.

ಫಲಕದ ಮೇಲೆ ಬೀಳುವ ಬಿಸಿಲಿನಲ್ಲಿ ಸುಮಾರು ಐದನೇ ಒಂದು ಭಾಗ ವಿದ್ಯುತ್ತಾಗುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಶಾಖವೇ. ಹಾಗಾಗಿ ಪಾರ್ಕ್‌ನೊಳಗೆ ಗಾಳಿ ತುಸು ಬಿಸಿ ಎನ್ನುವುದು ಸುಳ್ಳಲ್ಲ, ಅನುಮಾನ ಹುಟ್ಟಿದ್ದೂ ಸಹಜ. ಆದರೆ ಬೇಲಿ ದಾಟಿ ದೂರ ಹೋದಂತೆ ಆ ವ್ಯತ್ಯಾಸ ಕರಗುತ್ತದೆ. ಪಾರ್ಕ್ ಸುಮಾರು 13,000 ಎಕರೆ, ಅಂದರೆ 53 ಚದರ ಕಿ.ಮೀ. ಮುಂಗಾರು, ಹಿಂಗಾರಿನ ತೇವಾಂಶ ಬರುವುದು ನೂರಾರು ಕಿ.ಮೀ. ಆಚೆಯ ಅರಬ್ಬೀ ಸಮುದ್ರ, ಬಂಗಾಳ ಕೊಲ್ಲಿಯಿಂದ. ಪಾವಗಡ ಮಳೆನೆರಳಿನ ಸೀಮೆ, ಅಂದರೆ ಘಟ್ಟಗಳು ಮಳೆಮೋಡ ತಡೆಯುವುದರಿಂದ ಮಳೆ ಕಡಿಮೆ ಬೀಳುವ ಜಾಗ. ಫಲಕ ಬರುವ ಮೊದಲೂ ಬರ ಇತ್ತು.

ನೀವೇ ನೋಡಬಹುದು. ತಾಲ್ಲೂಕಿನ ಮಳೆಮಾಪನ ಅಂಕಿಗಳಲ್ಲಿ ಪಾರ್ಕ್ ಶುರುವಾದ 2018ಕ್ಕೆ ಹಿಂದಿನ ಹತ್ತು ವರ್ಷ, ನಂತರದ ವರ್ಷಗಳನ್ನು ಪಕ್ಕಪಕ್ಕ ಬರೆಯಿರಿ. ಮಧುಗಿರಿ, ಶಿರಾ ತಾಲ್ಲೂಕಿನದ್ದನ್ನೂ ಸೇರಿಸಿ. ಫಲಕವೇ ಕಾರಣವಾದರೆ ಪಾವಗಡ ಮಾತ್ರ ಕುಸಿಯಬೇಕು, ನೆರೆಯವು ಕುಸಿಯಬಾರದು. ಒಂದೆರಡು ವರ್ಷ ಹೋಲಿಸಿದರೆ ದಾರಿ ತಪ್ಪುತ್ತದೆ: 2022ರಲ್ಲಿ ದಕ್ಷಿಣ ಒಳನಾಡಿಗೆ ವಿಪರೀತ ಮಳೆ, 2023ರಲ್ಲಿ ರಾಜ್ಯದ ಬಹುಭಾಗಕ್ಕೆ ಬರ. ಎರಡೂ ವರ್ಷ ಫಲಕಗಳು ಅಲ್ಲೇ ಇದ್ದವು.

ಪಾರ್ಕ್‌ಗೆ ರೈತರು ಕೊಟ್ಟ ಜಮೀನಿನ ಗುತ್ತಿಗೆ ದರ, ದನ-ಕುರಿಗಳಿಗೆ ಮೇವಿನ ಜಾಗ ಇವು ನಿಜವಾದ ತಕರಾರುಗಳು. ಅವನ್ನು ಬೇರೆಯಾಗಿಯೇ ಕೇಳಬೇಕು.