ಕಾರಿನವರೆಗೆ ಬಂದ ಅಮ್ಮ

ಅಮ್ಮನ ಪಕ್ಕದಲ್ಲಿ ಕೂತು ಅಮ್ಮ-ಮಗಳ ಸಿನಿಮಾ ನೋಡಬಾರದು. ನಾನು ನೋಡಿದೆ. 2022ರಲ್ಲಿ ಬಂದ ‘ಎವ್ರಿಥಿಂಗ್ ಎವ್ರಿವೇರ್ ಆಲ್ ಅಟ್ ಒನ್ಸ್’. ಅಮೆರಿಕದಲ್ಲಿ ಲಾಂಡ್ರಿ ನಡೆಸುವ ಚೀನೀ ಕುಟುಂಬದ ಕತೆ. ತಾಯಿ ಎವೆಲಿನ್, ಮಗಳು ಜಾಯ್. ತೆರಿಗೆಯವರ ಕಾಟ, ಇದೇ ಜನ ಬೇರೆ ಬೇರೆ ರೂಪದಲ್ಲಿ ಇರುವ ಲೆಕ್ಕವಿಲ್ಲದಷ್ಟು ಲೋಕಗಳು, ಹೊಡೆದಾಟ ಎಲ್ಲ ಇದೆ. ಸಬ್‌ಟೈಟಲ್ ಓಡುವ ವೇಗಕ್ಕೆ ಅಮ್ಮನ ಕಣ್ಣು ಓಡುವುದಿಲ್ಲ. ಹಾಗಾಗಿ ಕನ್ನಡದಲ್ಲಿ ಹೇಳುತ್ತಾ ಹೋಗುವ ಕೆಲಸ ನನ್ನದು.

ಎವೆಲಿನ್ ಗಂಡನ ಹತ್ತಿರ ಮ್ಯಾಂಡರಿನ್, ಅಪ್ಪನ ಹತ್ತಿರ ಕ್ಯಾಂಟನೀಸ್, ಮಗಳ ಹತ್ತಿರ ಇಂಗ್ಲಿಷ್ ಆಡುತ್ತಾಳೆ. ಒಂದೇ ವಾಕ್ಯದಲ್ಲಿ ಮೂರೂ ಬಂದರೂ ಬಂದವೇ. ಶುರುವಿನಲ್ಲೇ ಜಾಯ್ ತಾನು ಪ್ರೀತಿಸುವ ಹುಡುಗಿ ಬೆಕಿಯನ್ನು ಕರೆದುಕೊಂಡು ಬರುತ್ತಾಳೆ. ತಾತನಿಗೆ ಪರಿಚಯ ಮಾಡಿಸಬೇಕು. ಹರಕುಮುರುಕು ಚೀನೀಯಲ್ಲಿ ಶುರು ಮಾಡುತ್ತಾಳೆ. ಬೇಕಾದ ಆ ಒಂದು ಪದವೇ ಸಿಗುವುದಿಲ್ಲ. ತಡವರಿಸುತ್ತಾಳೆ. ಅಷ್ಟರಲ್ಲಿ ಎವೆಲಿನ್ ನಡುವೆ ಬಾಯಿ ಹಾಕಿ ‘ಒಳ್ಳೆಯ ಸ್ನೇಹಿತೆ’ ಎಂದು ಮುಗಿಸಿಬಿಡುತ್ತಾಳೆ. ಮಗಳ ಮುಖ ಸಪ್ಪಗಾಗುತ್ತದೆ.

‘ಯಾರಂತೆ ಆ ಹುಡುಗಿ?’ ಎಂದು ಅಮ್ಮ ಕೇಳಿದಳು.

‘ಗೆಳತಿ’ ಎಂದೆ.

ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ನಮ್ಮ ಕನ್ನಡದ ‘ಗೆಳತಿ’ ಎಂಥ ಅನುಕೂಲದ ಪದ ನೋಡಿ! ಜೊತೆಗೆ ಓದಿದವಳೂ ಗೆಳತಿ, ಜೀವ ಇಟ್ಟುಕೊಂಡವಳೂ ಗೆಳತಿ. ಸುಳ್ಳು ಹೇಳಿದ ಹಾಗೂ ಆಗುವುದಿಲ್ಲ, ನಿಜ ಹೇಳುವ ಕಷ್ಟವೂ ಇಲ್ಲ. ಎವೆಲಿನ್ ಮೇಲೆ ಸಿಟ್ಟು ಮಾಡಿಕೊಂಡ ಅರ್ಧ ನಿಮಿಷದಲ್ಲೇ ನಾನೂ ಅವಳ ಕೆಲಸವನ್ನೇ ಮಾಡಿದ್ದೆ.

ಸಿನಿಮಾದಲ್ಲಿ ವೈವಿಧ್ಯ, ಪ್ರಾತಿನಿಧ್ಯ ಎಂದರೆ ನಾವು ಸಾಮಾನ್ಯವಾಗಿ ತಲೆ ಎಣಿಸುತ್ತೇವೆ. ಎಣಿಸಬಾರದು ಎಂದಲ್ಲ. ಚೀನೀ ತಾಯಂದಿರು, ಅಮೆರಿಕದ ಹೆಣ್ಣುಮಕ್ಕಳ ಕತೆಯಾದ ‘ದಿ ಜಾಯ್ ಲಕ್ ಕ್ಲಬ್’ 1993ರಲ್ಲಿ ಬಂತು. ಹೆಚ್ಚುಕಡಿಮೆ ಪೂರ್ತಿ ಏಷ್ಯಾ ಮೂಲದ ನಟರೇ ಇರುವ, ಈ ಕಾಲದ ಕತೆಯ ಇನ್ನೊಂದು ದೊಡ್ಡ ಹಾಲಿವುಡ್ ಚಿತ್ರಕ್ಕೆ 2018ರವರೆಗೆ ಕಾಯಬೇಕಾಯಿತು. ಎವೆಲಿನ್ ಪಾತ್ರಕ್ಕಾಗಿ 2023ರಲ್ಲಿ ಮಿಷೆಲ್ ಯೋ ಅತ್ಯುತ್ತಮ ನಟಿ ಆಸ್ಕರ್ ಪಡೆದ ಮೊದಲ ಏಷ್ಯನ್ ಮಹಿಳೆಯಾದರು. ಇನ್ನೊಂದು ತಮಾಷೆ ಗೊತ್ತಾ? ಮುಖ್ಯ ಪಾತ್ರವನ್ನು ನಿರ್ದೇಶಕರು ಮೊದಲು ಜಾಕಿ ಚಾನ್ ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಯೋಚಿಸಿದ್ದರಂತೆ. ಅದು ಬದಲಾಗಿದ್ದೇ ಒಳ್ಳೆಯದಾಯಿತು.

ಆದರೆ ನನಗೆ ಆ ಮನೆ ನಿಜ ಅನಿಸಿದ್ದು ಮುಖಗಳಿಂದಲ್ಲ, ಆ ತಡವರಿಕೆಯಿಂದ. ಅಮ್ಮನ ಭಾಷೆ ಮಗಳಿಗೆ ಅರ್ಧ ಬರುತ್ತದೆ, ಮಗಳ ಭಾಷೆ ಅಮ್ಮನಿಗೆ ಮುಕ್ಕಾಲು. ಸಬ್‌ಟೈಟಲ್ ಇರುವುದರಿಂದ ನೋಡುವ ನಮಗೆ ಎಲ್ಲ ತಿಳಿಯುತ್ತದೆ. ಪಾಪ, ಅವರಿಗೆ ಆ ಸೌಲಭ್ಯ ಇಲ್ಲ.

ಮಗಳು ಬೇಸರದಿಂದ ಕಾರಿನ ಕಡೆ ನಡೆಯುತ್ತಾಳೆ. ಅಮ್ಮ ಹಿಂದೆಯೇ ಓಡಿ ಬರುತ್ತಾಳೆ. ಏನೋ ಹೇಳಬೇಕು ಅವಳಿಗೆ, ಬಾಯಿಯವರೆಗೂ ಬಂದಿದೆ. ಕೊನೆಗೆ ಹೊರಬೀಳುವುದು ಇಷ್ಟು: ಊಟದ ಕಡೆ ಗಮನ ಕೊಡು, ದಪ್ಪ ಆಗ್ತಿದ್ದೀಯ.

ಇದನ್ನು ನಾನು ಚಾಚೂ ತಪ್ಪದೆ ಹೇಳಿದೆ.

‘ಅದರಲ್ಲೇನು ತಪ್ಪು? ಮಗಳ ಒಳ್ಳೆಯದಕ್ಕೆ ತಾನೇ ಹೇಳಿದ್ದು’ ಎಂದಳು ನಮ್ಮಮ್ಮ. ಆಮೇಲೆ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ಬೇರೆ ಏನೂ ಹೇಳಲಿಲ್ಲ, ಅದೇ ಪುಣ್ಯ.

ಸಿನಿಮಾದಲ್ಲಿ ಇಬ್ಬರು ಹೆಂಗಸರು ಗಂಡಸಿನ ವಿಷಯ ಬಿಟ್ಟು ಬೇರೆ ಏನಾದರೂ ಮಾತಾಡುತ್ತಾರಾ ಎಂದು ನೋಡುವ ಒಂದು ಪರೀಕ್ಷೆ ಇದೆ. 1985ರಲ್ಲಿ ಅಲಿಸನ್ ಬೆಕ್‌ಡೆಲ್ ಅವರ ಕಾಮಿಕ್ಸ್‌ನಿಂದ ಬಂದದ್ದು. ಅಮ್ಮ-ಮಗಳ ಸಿನಿಮಾಗಳು ಕಣ್ಣುಮುಚ್ಚಿ ಪಾಸಾಗಬೇಕು, ಅಲ್ವಾ? ಮಗಳ ಮದುವೆಯ ಮಾತು ಬಿಟ್ಟರೆ ಬೇರೆ ಮಾತೇ ಇಲ್ಲದ ಎಷ್ಟೋ ಇವೆ.

ಒಂದು ಲೋಕದಲ್ಲಿ ಎವೆಲಿನ್, ಜಾಯ್ ಇಬ್ಬರೂ ಬರೀ ಕಲ್ಲುಗಳು. ಬೆಟ್ಟದ ಅಂಚಿನಲ್ಲಿ ಸುಮ್ನೆ ಕೂತಿವೆ. ಮುಖ ಇಲ್ಲ, ಬಣ್ಣ-ಜನಾಂಗ ಇಲ್ಲ, ದನಿಯೂ ಇಲ್ಲ. ಮಾತು ತೆರೆಯ ಮೇಲೆ ಅಕ್ಷರವಾಗಿ ಬರುತ್ತದೆ.

‘ಇದರಲ್ಲಿ ಅಮ್ಮ ಯಾವುದು?’ ಎಂದಳು ಅಮ್ಮ.

ನಾನು ಬಾಯಿ ತೆರೆಯುವ ಹೊತ್ತಿಗೆ ಒಂದು ಕಲ್ಲು ಕೆಳಗೆ ಉರುಳಿತು. ಇನ್ನೊಂದು ಅದರ ಹಿಂದೆಯೇ ಉರುಳಿತು.

‘ಬಿಡು, ಗೊತ್ತಾಯ್ತು’ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಆಗಲೇ ಗೆಳತಿ ಅಂದೆಯಲ್ಲ, ಅದೂ ಗೊತ್ತಾಯ್ತು’ ಎಂದಳು.