ಎರಡು ಸೆಕೆಂಡಿನ ಗಲಾಟೆ

ಎರಡು ಲಕ್ಷ ಕಿಲೋಮೀಟರ್ ದಾಟಿದ ಡೀಸೆಲ್ ಕಾರನ್ನು ಅಂಗಳದಲ್ಲಿ ನಿಲ್ಲಿಸಿಕೊಂಡವನಿಗೆ ಮಂಗಳೂರಿನಲ್ಲಿ ಸಲಹೆಗಳ ಬರಗಾಲವಿಲ್ಲ. "ಇನ್ನೂ ಮಾರಿಲ್ಲವಾ ಮಾರಾಯರೆ?" ಎಂದು ಮೀನು ಮಾರುಕಟ್ಟೆಯಲ್ಲಿಯೂ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿಯೂ ಕೇಳುತ್ತಾರೆ. ಮಾರಿ ತರುವುದು ಯಾವುದನ್ನು? 2020ರ ಏಪ್ರಿಲ್‌ನಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂದ ಮೇಲೆ ಸಣ್ಣ ಡೀಸೆಲ್ ಕಾರುಗಳು ಶೋರೂಮುಗಳಿಂದ ಹೆಚ್ಚುಕಡಿಮೆ ಕಾಣೆಯಾದವು. ಶಿರಾಡಿ ಘಾಟಿಯನ್ನು ದಮ್ಮು ಕಟ್ಟದೆ ಹತ್ತುವ, ಡೀಸೆಲ್ ಕಡಿಮೆ ಕುಡಿಯುವ ಹಳೆಯ ಗಾಡಿ ಇರುವಾಗ ಅದನ್ನೇ ಸಾಕುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಅದು ನನ್ನೊಬ್ಬನದೇ ಅಭಿಪ್ರಾಯ ಎಂಬುದು ಬೇರೆ ಮಾತು.

ಮಳೆಗಾಲ ಮುಗಿಯುವ ಹೊತ್ತಿಗೆ ಶಬ್ದ ಶುರುವಾಯಿತು. ಬೆಳಿಗ್ಗೆ ಮೊದಲ ಸಲ ಕೀಲಿ ತಿರುಗಿಸಿದಾಗ ಮಾತ್ರ, ಎಂಜಿನ್ನಿನ ಒಂದು ಮಗ್ಗುಲಿನಿಂದ, ಒಣಗಿದ ಅಡಿಕೆ ತುಂಬಿದ ಡಬ್ಬಿಯನ್ನು ಅಲುಗಿಸಿದಂತೆ ಗರಗರ. ಎರಡು ಸೆಕೆಂಡು, ಹೆಚ್ಚೆಂದರೆ ಮೂರು. ಆಮೇಲೆ ಏನೂ ನಡೆದೇ ಇಲ್ಲವೆಂಬಂತೆ ಎಂದಿನ ಡೀಸೆಲ್ ಗುಡುಗುಡು. ಉಳಿದ ಇಡೀ ದಿನ ಎಷ್ಟು ಸಲ ನಿಲ್ಲಿಸಿ ಹೊರಡಿಸಿದರೂ ಅದರ ಸುದ್ದಿಯಿಲ್ಲ.

ಉಡುಪಿಯಲ್ಲಿರುವ ಭಾವನಿಗೆ ಫೋನಿನಲ್ಲಿ ಹೇಳಿದೆ. ನಾನು ವರ್ಣನೆ ಮುಗಿಸುವ ಮೊದಲೇ ಅವರು ತೀರ್ಪು ಕೊಟ್ಟರು. "ಟೈಮಿಂಗ್ ಚೈನ್ ಹೋಗಿದೆ ಭಾವ, ಬರೆದಿಟ್ಟುಕೊಳ್ಳಿ. ನಾಳೆಯಿಂದ ಗಾಡಿ ತೆಗೆಯಬೇಡಿ." ಭಾವನಿಗೆ ಜಗತ್ತಿನ ಎಲ್ಲ ಶಬ್ದಗಳೂ ಗೊತ್ತು. ಹೋದ ವರ್ಷ ನಮ್ಮ ಬಾವಿಯ ಪಂಪಿನ ಸದ್ದನ್ನು ಫೋನಿನಲ್ಲಿಯೇ ಕೇಳಿ ಬೇರಿಂಗ್ ಬದಲಿಸಲು ಹೇಳಿದವರು ಅವರೇ. ಬೇರಿಂಗ್ ಬದಲಿಸಿದೆವು. ಸದ್ದು ಈಗಲೂ ಇದೆ.

ಆದರೆ ಚೈನಿನ ವಿಷಯವನ್ನು ತಳ್ಳಿಹಾಕುವಂತಿಲ್ಲ. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಎರಡು ಸುತ್ತು ತಿರುಗುವಾಗ ವಾಲ್ವುಗಳನ್ನು ಒತ್ತುವ ಕ್ಯಾಮ್ ಒಂದು ಸುತ್ತು ತಿರುಗಬೇಕು, ಗಾಳಿ ಒಳಬಿಟ್ಟು ಹೊಗೆ ಹೊರಬಿಡುವ ಆ ವಾಲ್ವುಗಳು ಈ ಲೆಕ್ಕದಲ್ಲಿಯೇ ತೆರೆದು ಮುಚ್ಚಬೇಕು. ಈ ಲೆಕ್ಕ ಇಡುವುದು ಚೈನ್. ಅದರ ಉಕ್ಕು ಹಿಗ್ಗುವುದಿಲ್ಲ. ಪ್ರತಿ ಕೊಂಡಿಯ ಪಿನ್ನು ಚೂರುಚೂರೇ ಸವೆಯುತ್ತದೆ. ನೂರು ಕೊಂಡಿಗಳಲ್ಲಿ ಒಂದೊಂದೂ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ ಸವೆದರೆ ಸಾಕು, ಚೈನ್ 5 ಮಿಲಿಮೀಟರ್ ಉದ್ದವಾಗುತ್ತದೆ. ಸಡಿಲವಾದದ್ದು ತಾನು ಸುತ್ತುವ ಚಕ್ರದ ಹಲ್ಲು ಹಾರಿಸಿತೋ, ಮೇಲೆ ಬರುವ ಪಿಸ್ಟನ್ನಿಗೆ ವಾಲ್ವು ಎದುರಾಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಅವೆರಡರ ನಡುವೆ ಇರುವ ಜಾಗವೇ ತೀರಾ ಕಡಿಮೆ. ಬಾಗಿದ ವಾಲ್ವುಗಳ ರಿಪೇರಿಯ ಬಿಲ್ಲು ನೋಡಿದವರು ಅದರ ಬಗ್ಗೆ ತಗ್ಗಿದ ದನಿಯಲ್ಲಿ ಮಾತಾಡುತ್ತಾರೆ.

ಹಾಗಾಗಿ ಗ್ಯಾರೇಜಿಗೆ ಹೊರಟೆ. ಕಾವೂರಿನಿಂದ ಬೊಂದೆಲ್ ದಾಟಿ ಯೆಯ್ಯಾಡಿ ತಲುಪುವಷ್ಟರಲ್ಲಿ ಎಂಜಿನ್ ಬಿಸಿಯಾಗಿ ಸುಸಂಸ್ಕೃತವಾಗಿತ್ತು. ಮೆಕ್ಯಾನಿಕ್ ಬಾನೆಟ್ ಎತ್ತಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಟೈಮಿಂಗ್ ಕವರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚಿದರು. "ಇಂಜೆಕ್ಟರ್ ಶಬ್ದ ಕೇಳುತ್ತದೆ, ಅದು ಇರುವಂಥದ್ದೇ. ಚೈನ್ ಏನೂ ಹೇಳುತ್ತಿಲ್ಲ" ಎಂದರು. ಬೆಳಿಗ್ಗೆ ಹೇಳುತ್ತದೆ ಎಂದೆ. ರೆಕಾರ್ಡ್ ಮಾಡಿ ತನ್ನಿ ಎಂದರು.

ರೆಕಾರ್ಡ್ ಮಾಡುವುದು ಹೇಳಿದಷ್ಟು ಸುಲಭವಲ್ಲ. ಮೊದಲನೆಯದರಲ್ಲಿ ತಗಡಿನ ಶೀಟಿನ ಮೇಲೆ ಬಿದ್ದ ಮಳೆ ಮಾತ್ರ ಇತ್ತು. ಇನ್ನೊಂದರಲ್ಲಿ ಪಕ್ಕದ ಮನೆಯ ಮಿಕ್ಸಿ ಬಹಳ ಸ್ಪಷ್ಟವಾಗಿ ಬಂದಿತ್ತು; ಚಟ್ನಿ ನುಣ್ಣಗಾಗುವ ಹಂತವೂ ತಿಳಿಯುತ್ತಿತ್ತು. ಮತ್ತೊಂದರಲ್ಲಿ ಸರಿಯಾಗಿ ಆ ಎರಡು ಸೆಕೆಂಡಿನಲ್ಲಿಯೇ ನನ್ನ ಹೆಂಡತಿ, "ಹಾಲು ತರಲು ಹೋಗುತ್ತೀರೋ, ಕಾರಿನ ಎದುರು ಧ್ಯಾನಕ್ಕೆ ನಿಂತಿದ್ದೀರೋ?" ಎಂದು ಕೇಳಿದ್ದಳು. ಅದನ್ನೇ ಮೆಕ್ಯಾನಿಕ್ಕಿಗೆ ಕಳುಹಿಸಿದೆ. ಶಬ್ದ ಗಟ್ಟಿಯಾಗಿದೆ, ಆದರೆ ಚೈನಿನದಲ್ಲ ಎಂದು ಉತ್ತರ ಬಂತು.

ಕೊನೆಗೆ ಗಾಡಿಯನ್ನು ರಾತ್ರಿ ಗ್ಯಾರೇಜಿನಲ್ಲಿಯೇ ಬಿಡುವುದೆಂದಾಯಿತು. ಮರುದಿನ ಬೆಳಿಗ್ಗೆ ಉತ್ಸಾಹದಿಂದ ಬಸ್ಸಿಳಿದು ಹೋದರೆ, ಬಾಗಿಲು ತೆರೆದ ಹುಡುಗ ಜಾಗ ಮಾಡಲೆಂದು ಕಾರನ್ನು ಆಗಲೇ ಹೊರಡಿಸಿ ಪಕ್ಕಕ್ಕೆ ನಿಲ್ಲಿಸಿದ್ದ. "ಹೊರಡಿಸಿದಾಗ ಶಬ್ದ ಬಂತಾ?" ಎಂದು ನಾವಿಬ್ಬರೂ ಒಟ್ಟಿಗೆ ಕೇಳಿದೆವು. ಅವನ ಕಿವಿಯಲ್ಲಿ ಹಾಡಿನ ತಂತಿ ಇತ್ತು.

ಇನ್ನೊಂದು ರಾತ್ರಿ ಬಿಟ್ಟೆವು. ಈ ಸಲ ಕೀಲಿ ನನ್ನ ಕಿಸೆಯಲ್ಲಿತ್ತು. ಬೆಳಿಗ್ಗೆ ತಿರುಗಿಸಿದೆ, ಗರಗರ ಬಂತು, ಹೋಯಿತು. ನನಗೆ ಹಬ್ಬವಾದಷ್ಟು ಸಂತೋಷ. ಮೆಕ್ಯಾನಿಕ್ ಮಾತ್ರ ಕುಣಿಯಲಿಲ್ಲ. ಸ್ಕ್ಯಾನರ್ ಸಿಕ್ಕಿಸಿ ಕ್ರ್ಯಾಂಕಿಗೂ ಕ್ಯಾಮಿಗೂ ಇರುವ ಕೋನದ ವ್ಯತ್ಯಾಸ ನೋಡಿದರು, ಮಿತಿಯೊಳಗೇ ಇತ್ತು. ಚೈನ್ ಉದ್ದವಾಗಿದ್ದರೆ ಕ್ಯಾಮ್ ಹಿಂದೆ ಬೀಳುತ್ತದೆ, ಅದು ಅಲ್ಲಿ ಕಾಣಬೇಕಿತ್ತು. ಸ್ಟಾರ್ಟಿಂಗಿಗೆ ಕಷ್ಟವಿಲ್ಲ, ಪಿಕಪ್ ಬಿದ್ದಿಲ್ಲ. ಆಮೇಲೆ ಕೇಳಿದರು: "ಕಳೆದ ಸಲ ಆಯಿಲ್ ಎಲ್ಲಿ ಬದಲಿಸಿದ್ದು?"

ಬದಲಿಸಿಕೊಟ್ಟವರು ಭಾವ. ಪರಿಚಯದ ಅಂಗಡಿ, ಅರ್ಧ ಬೆಲೆಯ ಫಿಲ್ಟರ್.

ಮೆಕ್ಯಾನಿಕ್ ಆ ಫಿಲ್ಟರನ್ನು ಬಿಚ್ಚಿ ಬೆಳಕಿಗೆ ಹಿಡಿದರು. ಒಳಗಿನ ರಬ್ಬರ್ ಬಿಲ್ಲೆ ಸೆಟೆದು ಅಂಚಿನಲ್ಲಿ ಮೇಲೆದ್ದಿತ್ತು. ಎಂಜಿನ್ ನಿಂತಾಗ ಎಣ್ಣೆ ಕೆಳಗಿಳಿಯದಂತೆ ತಡೆಯುವುದು ಅದರ ಕೆಲಸ. ಅದು ತಡೆಯದಿದ್ದರೆ ರಾತ್ರಿಯಿಡೀ ಎಣ್ಣೆ ಎಂಜಿನ್ನಿನ ತಳದ ತೊಟ್ಟಿಗೆ ಇಳಿಯುತ್ತದೆ. ಬೆಳಿಗ್ಗೆ ಎಣ್ಣೆಯ ಒತ್ತಡದಿಂದಲೇ ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ಖಾಲಿಯಾಗಿ ಕೂತಿರುತ್ತದೆ. ಒತ್ತಡ ಏರುವವರೆಗೆ ಚೈನ್ ತಾನು ಜಾರುವ ಪಟ್ಟಿಗೆ, ಅಂದರೆ ಗೈಡಿಗೆ, ಬಡಿಯುತ್ತದೆ. ಎರಡು ಸೆಕೆಂಡಿನ ಸಂಗತಿ ಅಷ್ಟೇ. "ಹಾಗೆಂದು ಬಿಡಬಾರದು, ಬಡಿದು ಬಡಿದು ಗೈಡ್ ಸವೆಯುತ್ತದೆ. ಡೀಸೆಲಿನ ಮಸಿ ಎಣ್ಣೆಗೆ ಸೇರಿ ಚೈನನ್ನು ಉಜ್ಜುತ್ತಲೇ ಇರುತ್ತದೆ, ಆಯಿಲ್ ಬದಲಿಸುವುದನ್ನು ತಡ ಮಾಡಬೇಡಿ" ಎಂದರು. ಒಳ್ಳೆಯ ಫಿಲ್ಟರ್ ಹಾಕಿ, ಸ್ಕ್ಯಾನರಿನ ಅಂಕಿಯನ್ನು ಬಿಲ್ಲಿನ ಹಿಂದೆ ಬರೆದುಕೊಟ್ಟು, ಮುಂದಿನ ಸಲ ಹೋಲಿಸೋಣ ಎಂದರು. ಶಬ್ದ ನಿಂತಿತು.

ಭಾವನಿಗೆ ತಿಳಿಸಿದೆ. "ನಾನು ಆಗಲೇ ಹೇಳಲಿಲ್ಲವಾ, ಚೈನಿಗೆ ಸಂಬಂಧಪಟ್ಟದ್ದೇ ಅಂತ" ಎಂದರು.

ಮುಂದಿನ ವಾರ ಅವರು ನಮ್ಮಲ್ಲಿಗೆ ಬಂದಿದ್ದಾಗ ಎದುರು ಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿಗಳು ತಮ್ಮ ಕಾರಿನಲ್ಲಿಯೂ ಏನೋ ಸದ್ದು ಎಂದರು. ಭಾವ ಗೋಳಿಬಜೆಯ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ನಮ್ಮ ಮನೆಯಿಂದ ಸ್ಕ್ರೂಡ್ರೈವರ್ ತರಿಸಿ, ಬಾನೆಟ್ಟಿನೊಳಗೆ ಬಾಗಿ ಬಹಳ ಹೊತ್ತು ಆಲಿಸಿದರು. "ಚೈನ್ ಹೋಗಿದೆ" ಎಂದರು.

ಆ ಎಂಜಿನ್ನಿನಲ್ಲಿ ಚೈನೇ ಇಲ್ಲ, ಇರುವುದು ಟೈಮಿಂಗ್ ಬೆಲ್ಟ್ ಎಂದು ಅಧಿಕಾರಿಗಳು ಕಾರಿನ ಪುಸ್ತಕ ತೆಗೆದು ತೋರಿಸಿದರು.

ಭಾವ ತಟ್ಟೆಯನ್ನು ಕೈಗೆತ್ತಿಕೊಂಡರು. "ಹಾಗಾದರೆ ಬೆಲ್ಟ್ ಹೋಗಿದೆ."