ಒಣಗಿದ್ದೆಲ್ಲ ಒಣ ಕಸವಲ್ಲ

ಇದನ್ನು ನಿಂತುಕೊಂಡು ಬರೆಯುತ್ತಿದ್ದೇನೆ. ಲ್ಯಾಪ್‌ಟಾಪು ಇಸ್ತ್ರಿ ಮೇಜಿನ ಮೇಲಿದೆ, ಅದರ ಕೆಳಗೆ ಎರಡು ಅಕ್ಕಿ ಡಬ್ಬ. ಕೂತರೆ ಏಳಲಾಗದು, ಎದ್ದರೆ ಕೂರಲಾಗದು, ಮಲಗಿದರೆ ಮನೆಮಂದಿಯನ್ನೆಲ್ಲ ಕೂಗಿ ಎಬ್ಬಿಸಿಕೊಳ್ಳಬೇಕು. ಮಹಾನಾರಾಯಣ ತೈಲದ ಘಮ ಮನೆಯೆಲ್ಲ ತುಂಬಿ, ಕಾಲೇಜಿನಿಂದ ಬಂದ ಮಗ ಬಾಗಿಲಲ್ಲೇ "ಅಜ್ಜಿ ಬಂದಿದ್ದಾರಾ?" ಅಂತ ಕೇಳಿದ.

ಇಷ್ಟಕ್ಕೆಲ್ಲ ಕಾರಣ ಒಂದು ಹೊಂಗೆ ಎಲೆ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ ಅನ್ನುತ್ತಾರಲ್ಲ, ಓಡುವಾಗ ಅದು ನಮ್ಮ ಮನೆ ಮುಂದಿನ ಹೊಂಗೆಮರಕ್ಕೆ ಡಿಕ್ಕಿ ಹೊಡೆದೇ ಹೋಗುವುದು. ಪಂಚಾಂಗದ ಪ್ರಕಾರ ವಸಂತ ಋತು ಯುಗಾದಿಯಿಂದ. ಮರ ಪಂಚಾಂಗ ನೋಡುವುದಿಲ್ಲ. ಹಬ್ಬಕ್ಕೆ ಹೊಸ ಸೀರೆ ಉಡುವ ಆತುರದಲ್ಲಿ ಫೆಬ್ರವರಿಯಲ್ಲೇ ಹಳೆಯದನ್ನೆಲ್ಲ ಕಳಚಿ ನಮ್ಮ ಅಂಗಳಕ್ಕೆ ಬಿಸಾಕುತ್ತದೆ. ಮರ ಇರುವುದು ಬೀದಿಯಲ್ಲಿ. ಅದರ ನೆರಳು ಬೀಳುವುದು ಎದುರು ಮನೆಯ ಕಾರಿನ ಮೇಲೆ. ಎಲೆ ಮಾತ್ರ ನಮಗೆ.

ಬೆಳಗ್ಗೆ ಆರಕ್ಕೆ ಹಿಡಿಕಡ್ಡಿ ಹಿಡಿದರೆ ಏಳಕ್ಕೆ ಅಂಗಳ ಕನ್ನಡಿ. ಒಳಗೆ ಹೋಗಿ ಕಾಫಿಗೆ ಹಾಲಿಟ್ಟು ಬರುವಷ್ಟರಲ್ಲಿ ನಾನು ಗುಡಿಸಿಯೇ ಇಲ್ಲವೇನೋ ಎಂಬಂತೆ ಎಲೆ. ಇನ್ನು ಎದುರು ಮನೆ ಮೇಷ್ಟ್ರು. ನಿವೃತ್ತರಾಗಿ ಹತ್ತು ವರ್ಷವಾದರೂ ತಪ್ಪು ತೋರಿಸುವ ಬೆರಳಿಗೆ ನಿವೃತ್ತಿಯಾಗಿಲ್ಲ. ಲೋಟ ಹಿಡಿದು ಗೇಟಿಗೆ ಒರಗಿ, ಬೀದಿಯಾಚೆಯಿಂದಲೇ, "ಅಲ್ಲೊಂದು ಬಿಟ್ಟಿದ್ದೀರಿ ನೋಡಿ. ತುಳಸಿಕಟ್ಟೆ ಪಕ್ಕ" ಅನ್ನುತ್ತಾರೆ. ಕನ್ನಡಕವಿಲ್ಲದೆ ಪೇಪರು ಓದಲಾರದ ಮನುಷ್ಯನಿಗೆ ಈ ಎಲೆ ಅದು ಹೇಗೆ ಕಾಣುತ್ತದೋ!

ಗುಡಿಸುವುದಾದರೂ ಸರಿ, ಗುಡಿಸಿದ್ದನ್ನು ಏನು ಮಾಡುವುದು? ಮೂರು ಗೋಣಿಚೀಲ ತುಂಬಿ ಕಸದ ಗಾಡಿಗೆ ಕಾದೆ. ಹಾಡು ಹಾಕಿಕೊಂಡು ಗಾಡಿ ಬಂತು. ನಾನು ಸುಶಿಕ್ಷಿತ ನಾಗರಿಕಳಂತೆ, "ಒಣ ಕಸ" ಅಂತ ಚೀಲ ಮುಂದೆ ತಳ್ಳಿದೆ.

ಗಾಡಿಯಾಕೆ ಚೀಲದ ಬಾಯಿ ಬಿಚ್ಚಿ ನೋಡಿ, "ಇದು ಒಣ ಕಸ ಅಲ್ಲಮ್ಮ" ಅಂದಳು.

"ಎಷ್ಟು ಒಣಗಿದೆ ನೋಡಮ್ಮಾ, ಮುಟ್ಟಿದರೆ ಪುಡಿಯಾಗುತ್ತೆ!"

"ಒಣ ಕಸ ಅಂದ್ರೆ ಪೇಪರು, ಪ್ಲಾಸ್ಟಿಕ್ಕು."

"ಹಾಗಾದರೆ ಹಸಿ ಕಸಕ್ಕೆ ಹಾಕಿಕೋ."

"ಹಸಿ ಕಸ ಅಡುಗೆಮನೇದು. ಇದಕ್ಕೆ ಬೇರೆ ಗಾಡಿ ಬರುತ್ತೆ."

"ಯಾವಾಗ ಬರುತ್ತೆ?"

"ಬಂದಾಗ."

ನಾನೂ ಬಿಡಲಿಲ್ಲ. ಒಣಗಿರುವುದನ್ನು ಒಣ ಕಸ ಅನ್ನದೆ ಇನ್ನೇನು ಅನ್ನಬೇಕು, ಕನ್ನಡ ನಿಘಂಟು ತೆಗೆದು ನೋಡೋಣ ಅನ್ನುವವರೆಗೂ ಹೋದೆ. ಬೀದಿಯ ನಾಲ್ಕು ಮನೆಯವರು ಬಕೆಟ್ಟು ಹಿಡಿದು ಸಾಲಿನಲ್ಲಿ ನಿಂತಿದ್ದರು. ಆಕೆ ಸೊಂಟದ ಮೇಲೆ ಕೈಯಿಟ್ಟು ಶಾಂತವಾಗಿ, "ಅಮ್ಮಾ, ಒಣಗಿರೋದೆಲ್ಲ ಒಣ ಕಸ ಆಗಲ್ಲ. ನಿಮ್ಮನೆ ಚಪಾತಿನೂ ದಿನಾ ಒಣಗೇ ಇರುತ್ತೆ. ಅದನ್ನ ಹಸಿ ಕಸಕ್ಕೆ ತಾನೆ ಹಾಕ್ತೀರಿ?" ಅಂದಳು.

ಬಕೆಟ್ಟುಗಳೆಲ್ಲ ನಕ್ಕವು. ಮೇಷ್ಟ್ರಂತೂ ಕಾಫಿ ನೆತ್ತಿಗೇರಿ ಕೆಮ್ಮಿದರು. ನನ್ನ ಚಪಾತಿಯ ಚರಿತ್ರೆಯನ್ನು ದಿನದಿನವೂ ಒಬ್ಬರು ಗಮನಿಸುತ್ತ ಬಂದಿದ್ದಾರೆ ಅನ್ನುವುದೇ ನನಗೆ ಗೊತ್ತಿರಲಿಲ್ಲ! ಒಳಗೆ ಬಂದರೆ ಮಗ ಫೋನಿನಲ್ಲಿ ಹುಡುಕಿ, "ಅವರು ಹೇಳಿದ್ದೇ ಸರಿ ಅಮ್ಮಾ. ಘನತ್ಯಾಜ್ಯ ನಿಯಮದಲ್ಲಿ ತೋಟದ ಕಸ ಅಂತ ಬೇರೆನೇ ಇದೆ. ನಮ್ಮ ಜಾಗದಲ್ಲೇ ಬೇರೆಯಾಗಿ ಇಟ್ಕೊಂಡಿರಬೇಕು. ಬೀದೀಲಿ ಸುಡೋ ಹಾಗೂ ಇಲ್ಲ" ಅಂದ. ನನಗೆ ನಿಯಮದ ಚಿಂತೆಯಿರಲಿಲ್ಲ. "ನಾನು ಮಾಡೋ ಚಪಾತಿ ಅಷ್ಟು ಒಣಗಿರುತ್ತೇನೋ?" ಅಂದೆ. ಅಪ್ಪ ಮಗ ಇಬ್ಬರೂ ಏಕಕಾಲಕ್ಕೆ ಫ್ಯಾನು ನೋಡಿದರು.

ಮರುದಿನ ಸ್ವಲ್ಪ ಎಲೆಯನ್ನು ಬದನೆಕಾಯಿ ತೊಟ್ಟಿನ ಕೆಳಗೆ ಅಡಗಿಸಿ ಕೊಟ್ಟೆ. ಆಕೆ ಬಕೆಟ್ಟಿಗೆ ಕೈ ಹಾಕದೆ, ನನ್ನ ಮುಖ ನೋಡಿಯೇ ಕಂಡುಹಿಡಿದಳು.

ನಮ್ಮನೆಯವರು ಗೊಬ್ಬರ ಮಾಡುವ ಪಣ ತೊಟ್ಟರು. ಹಳೇ ನೀರಿನ ಡ್ರಮ್ಮಿಗೆ ತೂತು ಕೊರೆದು, ಎಲೆ ತುಂಬಿ, ಹುಳಿ ಮಜ್ಜಿಗೆ, ಬೆಲ್ಲದ ನೀರು ಸುರಿದರು. ಸಗಣಿ ಬೇಕೆಂದು ಆನ್‌ಲೈನಿನಲ್ಲಿ ಬೆರಣಿ ತರಿಸಿದರು. ಅದು ಗಾಜಿನ ಪಾತ್ರೆಯಂತೆ ಗುಳ್ಳೆ ಪ್ಲಾಸ್ಟಿಕ್ಕು ಸುತ್ತಿಕೊಂಡು ಬಂತು. ಆ ಪ್ಲಾಸ್ಟಿಕ್ಕನ್ನು ಗಾಡಿಯಾಕೆ ಮರುಮಾತಿಲ್ಲದೆ ತೆಗೆದುಕೊಂಡಳು, ಒಣ ಕಸ. ತರಗೆಲೆ ಗೊಬ್ಬರವಾಗಲು ತಿಂಗಳುಗಟ್ಟಲೆ ಬೇಕು. ಇವರು ದಿನಕ್ಕೆರಡು ಸಲ ಮುಚ್ಚಳ ತೆಗೆದು, "ಆಗ್ತಿದೆ ಅನ್ಸುತ್ತೆ" ಅನ್ನುತ್ತಾರೆ. ಡ್ರಮ್ಮಿಗೆ ಹಿಡಿದದ್ದು ಒಂದು ಚೀಲ. ಅಷ್ಟರಲ್ಲಿ ಹೊಸ ನಾಲ್ಕು ಚೀಲ ತುಂಬಿತ್ತು.

ನಾನು ಸಾಗರದ ಕಡೆ ಹಳ್ಳಿಯವಳು. ಅಲ್ಲಿ ತರಗೆಲೆಗೆ ದರಕು ಅನ್ನುತ್ತಾರೆ. ಬೇಸಿಗೆಯ ಬೆಂಕಿ ಬೀಳುವ ಮೊದಲೇ ಸೊಪ್ಪಿನ ಬೆಟ್ಟಕ್ಕೆ ಹೋಗಿ ದರಕು ಗುಡಿಸಿ, ಹೆಡಿಗೆ ತುಂಬಿ ಹೊತ್ತು ತರುವುದು ವರ್ಷದ ದೊಡ್ಡ ಕೆಲಸ. ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸಿ, ಅದು ಸಗಣಿ ಗಂಜಲ ಕುಡಿದು, ಗೊಬ್ಬರದ ಗುಂಡಿ ಸೇರಿ, ಕೊನೆಗೆ ಅಡಿಕೆ ಮರದ ಬುಡಕ್ಕೆ. ದರಕಿನ ರಾಶಿಗೆ ನಾವು ಮಕ್ಕಳು ಅಟ್ಟದಿಂದ ಹಾರುತ್ತಿದ್ದೆವು. ಮೈಯೆಲ್ಲ ತುರಿಕೆ, ಅಜ್ಜಿಯ ಬೈಗುಳ, ಮತ್ತೆ ಹಾರುವುದು. ಆಗ ಈ ಸೊಂಟಕ್ಕೆ ಸೊಂಟ ಅನ್ನುವ ಹೆಸರೂ ಇರಲಿಲ್ಲ. ನಮ್ಮ ಬೆಟ್ಟದ ದರಕನ್ನು ಕೆಳಮನೆಯವರು ಗುಡಿಸಿಕೊಂಡು ಹೋದರೆಂದು ಅಜ್ಜಿ ಅವರೊಡನೆ ಎರಡು ವರ್ಷ ಮಾತು ಬಿಟ್ಟಿದ್ದಳು. ಹಬ್ಬಕ್ಕೆ ಕರೆದರೂ ಹೋಗಲಿಲ್ಲ. ಅಜ್ಜಿ ಈಗ ಇದ್ದು, ನಾನು ಎಲೆಯ ಚೀಲ ಹಿಡಿದು ತಗೊಳ್ಳಿ ತಗೊಳ್ಳಿ ಅಂತ ಬೀದಿಯಲ್ಲಿ ಅಂಗಲಾಚುವುದನ್ನು ಕಂಡಿದ್ದರೆ ನನ್ನೊಡನೆಯೂ ಮಾತು ಬಿಡುತ್ತಿದ್ದಳು.

ಅಜ್ಜಿಯ ನೆನಪಿನಿಂದಲೇ ಒಂದು ಉಪಾಯ ಹೊಳೆಯಿತು. ದರಕು ಕಳುವಾಗುವ ವಸ್ತುವಲ್ಲವೇ? ರಾತ್ರಿ ನಾಲ್ಕೂ ಚೀಲಗಳನ್ನು ಬಾಯಿ ಕಟ್ಟಿ, ಒಳಗೇನೋ ಬೆಲೆಬಾಳುವುದು ಇರುವಂತೆ ಗೇಟಿನ ಹೊರಗೆ ಇಟ್ಟು, ಲೈಟು ಆರಿಸಿ ಮಲಗಿದೆ.

ಬೆಳಗ್ಗೆ ಎದ್ದು ನೋಡಿದರೆ ಕಳವಾಗಿತ್ತು! ಖುಷಿಯಿಂದ ಗೇಟು ತೆರೆದೆ. ತೆರೆಯಲಿಲ್ಲ. ಕಳ್ಳ ಚೀಲ ಮಾತ್ರ ಒಯ್ದು, ಎಲೆಯನ್ನಷ್ಟೂ ಗೇಟಿಗೆ ಒತ್ತಿ ಸುರಿದು ಹೋಗಿದ್ದ. ಹರಿಯದ ನಾಲ್ಕು ಗೋಣಿಚೀಲ ಸ್ವಾಮಿ, ಊರಿಂದ ಅಕ್ಕಿ ಬಂದದ್ದು.

ಮತ್ತೆ ಹಿಡಿಕಡ್ಡಿ. ಒಂದೂವರೆ ಗಂಟೆ. ಬೆವರು ಒರೆಸಿಕೊಂಡು ನೆಟ್ಟಗೆ ನಿಂತೆ. ಬೀದಿಯಾಚೆ ಬೆರಳು ಎದ್ದಿತು. "ಅಲ್ಲೊಂದು." ಕೋಪದಿಂದ ಸರ್ರನೆ ಬಗ್ಗಿದೆ. ಎಲೆ ಕೈಗೆ ಬಂತು. ಸೊಂಟ ಅಲ್ಲೇ ಉಳಿಯಿತು. ನೆಲ ನೋಡುತ್ತ, ಒಂದು ಕೈಯಲ್ಲಿ ಎಲೆ, ಇನ್ನೊಂದರಲ್ಲಿ ಹಿಡಿಕಡ್ಡಿ, ಹಾಗೇ ನಿಂತೆ. ಮೇಷ್ಟ್ರು, "ಇನ್ನೊಂದೂ ಇದೆ, ಬಗ್ಗಿರೋವಾಗಲೇ ತೆಗೆದುಬಿಡಿ" ಅಂದರು.

ಬಗ್ಗಿಯೇ ಇದ್ದುದರಿಂದ ಒಂದು ಲಾಭವೂ ಆಯಿತು. ಸಂಕ್ರಾಂತಿ ಕಳೆದ ಮೇಲೆ ದುಂಡುಮಲ್ಲಿಗೆ ಗಿಡವನ್ನು ಮೊಣಕಾಲೆತ್ತರಕ್ಕೆ ಸವರಿದ್ದೆ. ಸತ್ತೇ ಹೋಯಿತೆಂದು ಆ ಕಡೆ ನೋಡುವುದನ್ನೂ ಬಿಟ್ಟಿದ್ದೆ. ಈಗ ಮೂಗಿಗೆ ಸಮನಾಗಿ, ಚಿಗುರಿನ ತುದಿಯಲ್ಲಿ ಅಕ್ಕಿ ಕಾಳಿನಷ್ಟು ಮೊಗ್ಗು. ಎಣಿಸಿದೆ, ಹನ್ನೊಂದು. ಬೇರೆ ಕೆಲಸವಿರಲಿಲ್ಲವಲ್ಲ, ಇನ್ನೊಮ್ಮೆ ಎಣಿಸಿದೆ. ನಮ್ಮನೆಯವರು ಬಂದು ಹಿಡಿದೆತ್ತುವಾಗ ತಲೆ ಮೇಲಾಗಿ, ಹೊಂಗೆ ಕಂಡಿತು. ಬೋಳು ಕೊಂಬೆಗಳ ತುದಿಗೆಲ್ಲ ಎಣ್ಣೆ ಸವರಿದಂಥ ಚಿಗುರು. ಬೈಯಬೇಕೆಂದು ಬಾಯಿ ತೆರೆದವಳು ಸುಮ್ಮನೆ ನೋಡಿದೆ.

"ಇನ್ನು ಎಲೆ ಮುಗೀತು ಬಿಡಿ" ಅಂದರು ಮೇಷ್ಟ್ರು, ಸಮಾಧಾನಕ್ಕೆ. "ಇನ್ನೇನಿದ್ರೂ ಹೂ ಉದುರೋದು. ಆಮೇಲೆ ಕಾಯಿ."

ಇವತ್ತು ಬೆಳಗ್ಗೆ ಗಾಡಿ ಬಂದಾಗ ನಾನು ಗೋಡೆ ಹಿಡಿದುಕೊಂಡು ಹೊಸ್ತಿಲವರೆಗೆ ಬಂದಿದ್ದೆ. ಗಾಡಿಯಾಕೆ ನನ್ನ ನಡಿಗೆ ನೋಡಿ, ತಾನೇ ಗೇಟು ತೆಗೆದು ಒಳಗೆ ಬಂದು ಬಕೆಟ್ಟು ಎತ್ತಿಕೊಂಡಳು. ಅಭ್ಯಾಸಬಲದಿಂದ ಒಳಗೆ ಇಣುಕಿದಳು. ನಿನ್ನೆ ರಾತ್ರಿಯ ಚಪಾತಿ ಒಂದು ಉಳಿದಿತ್ತು. ಬೆರಳಿನಿಂದ ಒತ್ತಿ ನೋಡಿ ಮುಖ ಅರಳಿಸಿದಳು.

"ಇವತ್ತು ಮೆತ್ತಗಿದೆಯಲ್ಲಮ್ಮಾ!"

ಲಟ್ಟಿಸಿದವರು ಒಳಗೆ ಡ್ರಮ್ಮಿನ ಮುಚ್ಚಳ ತೆಗೆಯುತ್ತಿದ್ದರು. ನಾನು ಹೂಂ ಅಂದೆ.